ಹಲ್ಲಿನ ಡಾಕ್ಟರು ಮುಚ್ಚಿದ ತೂತು

ಬೀದರಿನಲ್ಲಿ ವೀರಶೆಟ್ಟಿ ಎಂಬ ಹಲ್ಲಿನ ಡಾಕ್ಟರಿದ್ದರು. ಐವತ್ತೆರಡನೆಯ ವಯಸ್ಸಿನಲ್ಲಿ ಅವರಿಗೆ ವಿಮಾನ ಕಟ್ಟುವ ಹುಚ್ಚು ಹಿಡಿಯಿತು. ಆಟದ ವಿಮಾನವಲ್ಲ, ಇಬ್ಬರು ಕೂತು ಹಾರುವ ನಿಜವಾದ ವಿಮಾನ. ಬಿಡಿಭಾಗಗಳು ಪೆಟ್ಟಿಗೆಗಳಲ್ಲಿ ಬರುತ್ತವೆ, ಜೋಡಿಸುವುದು ಕೊಂಡವರ ಕೆಲಸ. ಅನುಮತಿಗಾಗಿ ಅವರು ಬರೆದ ಅರ್ಜಿಗಳ ಕಥೆ ಹೇಳಲು ಕೂತರೆ ವಿಮಾನದ ಕಥೆ ಶುರುವಾಗುವುದೇ ಇಲ್ಲ, ಅದನ್ನು ಬಿಡೋಣ. ಅಂತೂ ಒಂದು ದಿನ ಮೊದಲ ಪೆಟ್ಟಿಗೆ ಬಂತು. ಅದರಲ್ಲಿ ಇದ್ದದ್ದು ಬಾಲ ಮಾತ್ರ.

ಹೀಗೆ ಮನೆಯಲ್ಲಿ ವಿಮಾನ ಕಟ್ಟುವವರು ಸಾಮಾನ್ಯವಾಗಿ ಬಾಲದಿಂದಲೇ ಶುರುಮಾಡುತ್ತಾರೆ. ಅದು ಚಿಕ್ಕದು, ಕೈ ತಪ್ಪಿದರೂ ಹೆಚ್ಚು ಹಾಳಾಗುವುದಿಲ್ಲ. ಡಾಕ್ಟರಿಗೆ ಮಾತ್ರ ಕೈ ತಪ್ಪುವ ಯೋಚನೆಯೇ ಇರಲಿಲ್ಲ. ಇಪ್ಪತ್ತೇಳು ವರ್ಷ ಹಲ್ಲು ಕೊರೆದ ಕೈಗೆ ತಗಡು ಯಾವ ಲೆಕ್ಕ ಎಂದು ಅವರು ಕಂಡಕಂಡವರಿಗೆಲ್ಲ ಹೇಳಿಕೊಂಡಿದ್ದರು.

ಕಲಿಸಲು ಒಪ್ಪಿದವರು ಪ್ರೇಮದಾಸ. ಆಯುಷ್ಯವನ್ನೆಲ್ಲ ವಿಮಾನಗಳ ತಗಡು ರಿಪೇರಿಯಲ್ಲೇ ಕಳೆದು ನಿವೃತ್ತರಾದ ಮುದುಕರು, ದಪ್ಪ ಕನ್ನಡಕ. ಭಾನುವಾರ ಚರ್ಚಿನಿಂದ ನೇರವಾಗಿ ದವಾಖಾನೆಯ ಹಿಂದಿನ ಶೆಡ್ಡಿಗೆ ಬರುತ್ತಿದ್ದರು. ಅವರದು ಎರಡೇ ಷರತ್ತು. ಒಂದು, ತಾವು ಯಾವ ಉಪಕರಣವನ್ನೂ ಮುಟ್ಟುವುದಿಲ್ಲ. ಎರಡನೆಯದು, ಯಾವುದೇ ಭಾಗವನ್ನು ತಗಡಿನಿಂದ ಮುಚ್ಚುವ ಮೊದಲು ಆ ವಿಮಾನದಲ್ಲಿ ಕೂರುವವರು ಬಂದು ಒಳಗೆ ಇಣುಕಿ ನೋಡಬೇಕು. ಅವರಿಗೆ ಏನೂ ತಿಳಿಯದಿದ್ದರೂ ಪರವಾಗಿಲ್ಲ, ನೋಡಲೇಬೇಕು.

ಎರಡನೆಯ ಸೀಟಿನಲ್ಲಿ ಕೂರುವವರು ಡಾಕ್ಟರ ಹೆಂಡತಿ ಅನುಸೂಯಾ. ಜೋಕಾಲಿ ಹತ್ತಿದರೂ ತಲೆ ತಿರುಗುವ ಹೆಂಗಸು. ಆದರೂ ಗಂಡ ಕೇಳಿದಾಗ, ಬಟಾಣಿ ಸುಲಿಯುತ್ತಿದ್ದ ಕೈ ನಿಲ್ಲಿಸದೆ ಹೂಂ ಅಂದಿದ್ದರು.

ಕೆಲಸ ಚೆನ್ನಾಗಿಯೇ ಸಾಗಿತು. ಬಾಲದ ಹಿಂದೆ ಮೇಲೆ ಕೆಳಗೆ ಆಡುವ ಒಂದು ಚಿಕ್ಕ ರೆಕ್ಕೆ ಇರುತ್ತದೆ. ವಿಮಾನ ಮೂತಿ ಎತ್ತುವುದೂ ಇಳಿಸುವುದೂ ಅದರಿಂದಲೇ. ಅದರ ಒಳಗೆ ಒಂದು ಉದ್ದ ಪಟ್ಟಿ, ಆ ಪಟ್ಟಿಗೆ ರೆಕ್ಕೆಯನ್ನು ಬಾಲಕ್ಕೆ ಹಿಡಿದಿಡುವ ಕೀಲುಗಳು. ಬರುವ ಭಾನುವಾರ ಬಾಲ ತೋರಿಸುತ್ತೇನೆಂದು ಡಾಕ್ಟರು ಊರಿನ ಅರ್ಧ ಡಾಕ್ಟರುಗಳನ್ನು ಚಹಾಕ್ಕೆ ಕರೆದುಬಿಟ್ಟಿದ್ದರು. ಗುರುವಾರ ಮಧ್ಯಾಹ್ನ ಇಬ್ಬರು ರೋಗಿಗಳ ನಡುವೆ ಸಿಕ್ಕ ಕಾಲು ಗಂಟೆಯಲ್ಲಿ ಕೀಲಿನ ತೂತು ಕೊರೆಯಲು ಹೋದರು. ಡ್ರಿಲ್ಲು ಜಾರಿತು. ಬೇಡದ ಜಾಗದಲ್ಲಿ, ಪಟ್ಟಿಯ ಅಂಚಿಗೆ ಅಂಟಿಕೊಂಡಂತೆ, ಒಂದು ತೂತು ಬಿತ್ತು.

ಹೊಸ ಪಟ್ಟಿ ತರಿಸಬೇಕೆಂದರೆ ಮೂರು ತಿಂಗಳು. ಚಹಾಕ್ಕೆ ಮೂರು ದಿನ.

ಬೇರೆ ಯಾರಾದರೂ ಆಗಿದ್ದರೆ ತಲೆಯ ಮೇಲೆ ಕೈ ಹೊತ್ತು ಕೂರುತ್ತಿದ್ದರು. ನಮ್ಮ ಡಾಕ್ಟರು ದವಾಖಾನೆಗೆ ಹೋಗಿ ಹಲ್ಲಿಗೆ ತುಂಬುವ ಮೇಣದಂಥ ಮಸಾಲೆ ತಂದರು. ತೂತಿಗೆ ತುಂಬಿದರು. ನೀಲಿ ದೀಪ ಹಿಡಿದು ಗಟ್ಟಿ ಮಾಡಿದರು, ನಯವಾಗಿ ಉಜ್ಜಿದರು, ಮೇಲೆ ಪಟ್ಟಿಗಿದ್ದ ಹಸಿರು ಪ್ರೈಮರ್ ಬಣ್ಣವನ್ನೇ ಹೊಡೆದರು. ಇಡೀ ಜೀವಮಾನದಲ್ಲಿ ಅವರು ಅಷ್ಟು ಚಂದದ ಫಿಲ್ಲಿಂಗ್ ಮಾಡಿರಲಿಲ್ಲ. ಒಂದು ಕಾಳಿನಷ್ಟು ತೂತು, ಅದರಿಂದ ಏನಾದೀತು ಎಂದು ಮನಸ್ಸಿಗೆ ಹೇಳಿಕೊಂಡರು. ಮನಸ್ಸು ಒಪ್ಪಿತು, ಆದರೆ ಊಟ ಸೇರಲಿಲ್ಲ.

ಭಾನುವಾರ ಪ್ರೇಮದಾಸ ಬಂದರು. ಪಟ್ಟಿಯ ಉದ್ದಕ್ಕೂ ಹೆಬ್ಬೆರಳು ಆಡಿಸಿದರು. ಕನ್ನಡಕ ಏರಿಸಿ ನೋಡಿದರು, ಇಳಿಸಿ ನೋಡಿದರು. ಕೈ ಕುದುರಿತು ಡಾಕ್ಟರೇ, ಇನ್ನು ಮನೆಯವರನ್ನು ಕರೆಯಿರಿ, ಮುಚ್ಚೋಣ ಅಂದರು. ಶಿಷ್ಯ ಪಾಸಾದದ್ದಕ್ಕೆ ಮುದುಕರ ಮುಖದಲ್ಲಿ ಸಂತೋಷವಿತ್ತು. ಅದನ್ನು ನೋಡಲು ಡಾಕ್ಟರಿಗೆ ಆಗಲಿಲ್ಲ.

ಅನುಸೂಯಾ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದರು. ಪ್ರೇಮದಾಸ ಅವರ ಕೈಗೆ ಟಾರ್ಚು ಕೊಟ್ಟು, ಏನು ಬೇಕಾದರೂ ಕೇಳಿ ಅಂದರು. ಆಕೆ ಬಗ್ಗಿ ಈ ತುದಿಯಿಂದ ಆ ತುದಿಯವರೆಗೆ ಬೆಳಕು ಬಿಟ್ಟರು. ಬೆಳಕು ಆ ಫಿಲ್ಲಿಂಗಿನ ಮೇಲೂ ಹಾದುಹೋಯಿತು.

"ಇದರಾಗ ನನಗೇನ್ ತಿಳೀತದ್ರಿ," ಅಂದರು ಅನುಸೂಯಾ. "ಇವರು ಮಾಡ್ಯಾರ ಅಂದ್ರ ಸರಿನೇ ಇರ್ತದ. ಮುಚ್ರಿ."

ಇದೇ ಮಾತನ್ನು ಸಾವಿರಾರು ರೋಗಿಗಳು ಬಾಯಿ ತೆರೆಯುವ ಮೊದಲು ಡಾಕ್ಟರಿಗೆ ಹೇಳಿದ್ದರು. ಯಾವತ್ತೂ ಅದು ಅವರಿಗೆ ಚುಚ್ಚಿರಲಿಲ್ಲ, ಯಾಕೆಂದರೆ ಯಾವತ್ತೂ ಅವರು ಮೋಸ ಮಾಡಿರಲಿಲ್ಲ. ಇವತ್ತು ಚುಚ್ಚಿತು.

"ಮುಚ್ಚಬ್ಯಾಡ್ರಿ," ಅಂದರು ಡಾಕ್ಟರು. "ಎಡಗಡಿ ಕೀಲಿನ ಬಾಜೂಕ ಒಂದು ತೂತು ಅದ. ನಾನೇ ತುಂಬಿ ಬಣ್ಣ ಹೊಡ್ದೀನಿ."

ಪ್ರೇಮದಾಸ ಚೂಪಾದ ಮೊಳೆಯೊಂದನ್ನು ಅಲ್ಲಿ ಒತ್ತಿದರು. ಟಿಕ್ ಎಂದು ಫಿಲ್ಲಿಂಗ್ ಉದುರಿತು. ಅವರು ಬೈಯಲಿಲ್ಲ. ಹಲ್ಲಿಗೆ ಫಿಲ್ಲಿಂಗ್ ಮಾಡಿದರೆ ಹಲ್ಲು ಉಳಿಯುತ್ತದೆ, ಆದರೆ ತಗಡು ಹಾರುವಷ್ಟು ಹೊತ್ತೂ ನಡುಗುತ್ತದೆ ಎಂದು ನಿಧಾನವಾಗಿ ತಿಳಿಸಿ ಹೇಳಿದರು. ಆ ತೂತಿನಿಂದ ಅಂಚಿಗೆ ಸಣ್ಣ ಬಿರುಕು ಬಿಡುತ್ತದೆ. ಒಂದು ದಿನ ಮೇಲೆ ಇರುವಾಗ ಕೀಲು ಕಿತ್ತು ಬರುತ್ತದೆ. ಆಮೇಲೆ ಮೂತಿ ಎತ್ತಲು ಆಗುವುದಿಲ್ಲ. ಇಷ್ಟು ಹೇಳಿ ಅವರು ತಮ್ಮ ಹೆಬ್ಬೆರಳನ್ನೇ ನೋಡಿಕೊಂಡರು.

"ನಾನೂ ಪಾಸ್ ಮಾಡಿಬಿಟ್ಟಿದ್ದೆ," ಅಂದರು. ಆ ಮಾತು ಡಾಕ್ಟರನ್ನು ಬೈಗುಳಕ್ಕಿಂತ ಹೆಚ್ಚು ನೋಯಿಸಿತು.

ಹನ್ನೊಂದು ಗಂಟೆಗೆ ಅತಿಥಿಗಳು ಬಂದರು. ಅವರಿಗೆ ಕಂಡದ್ದು ಬಿಚ್ಚಿ ಹಾಕಿದ ಬಾಲ ಮತ್ತು ಮೇಜಿನ ಮೇಲೆ ಬಿದ್ದಿದ್ದ ತೂತಿನ ಪಟ್ಟಿ. ಕಣ್ಣಿನ ಡಾಕ್ಟರೊಬ್ಬರು, ಹಲ್ಲಿನ ಸೆಟ್ಟಿಗೆ ಅಳತೆ ಕೊಟ್ಟು ಕೂತ ಬಾಯಿಯ ಹಾಗಿದೆ ಎಂದು ಚೇಷ್ಟೆ ಮಾಡಿದರು. ಎಲ್ಲರೂ ನಕ್ಕರು. ವೀರಶೆಟ್ಟಿ ಏನಾಯಿತೆಂಬುದನ್ನು ಒಂದೂ ಬಿಡದೆ ಹೇಳಿದರು. ಆಮೇಲೆ ಯಾರೂ ನಗಲಿಲ್ಲ, ಚಹಾ ಕುಡಿದು ಹೊರಟರು.

ಅನುಸೂಯಾ ಆ ದಿನವೆಲ್ಲ ಗಂಡನ ಜೊತೆ ಮಾತಾಡಲಿಲ್ಲ, ಮರುದಿನವೂ ಅಷ್ಟೆ. ನೀನು ವಿಮಾನದಲ್ಲಿ ಕೂರದಿದ್ದರೆ ನಾನು ಬೇಜಾರು ಮಾಡಿಕೊಳ್ಳುವುದಿಲ್ಲ ಎಂದು ಡಾಕ್ಟರು ಹೇಳಿ ನೋಡಿದರು. ಆಕೆ ಅವರ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದರು. ಕೋಪವೋ ಕ್ಷಮೆಯೋ ಡಾಕ್ಟರಿಗೆ ತಿಳಿಯಲಿಲ್ಲ.

ಮೂರು ತಿಂಗಳಿಗೆ ಹೊಸ ಪಟ್ಟಿ ಬಂತು. ಡಾಕ್ಟರು ಈ ಸಲ ದವಾಖಾನೆಗೆ ರಜೆ ಹಾಕಿ ಕೊರೆದರು. ಮೇಲಿನ ತಗಡನ್ನು ಬಿಗಿಯುವ ಮೊಳೆಗಳನ್ನು, ಅಂದರೆ ರಿವೆಟ್‌ಗಳನ್ನು, ಹೊಡೆಯುವ ಭಾನುವಾರ ಬಂತು. ಅದಕ್ಕೆ ಇಬ್ಬರು ಬೇಕು. ಒಬ್ಬರು ಹೊರಗಿನಿಂದ ಹೊಡೆಯಬೇಕು, ಇನ್ನೊಬ್ಬರು ಒಳಗಿನಿಂದ ಕಬ್ಬಿಣದ ತುಂಡು ಒತ್ತಿ ಹಿಡಿಯಬೇಕು. ರಿವೆಟ್ ಸರಿಯಾಗಿ ಕೂತಿತೋ ಇಲ್ಲವೋ ಎಂಬುದು ಒಳಗೆ ಇರುವವರಿಗೆ ಮಾತ್ರ ಕಾಣುತ್ತದೆ. ಕಂಪೌಂಡರನ್ನು ಕರೆಯಲೇ ಎಂದು ಡಾಕ್ಟರು ಪ್ರೇಮದಾಸರನ್ನು ಕೇಳುತ್ತಿದ್ದಾಗ ಅನುಸೂಯಾ ಸೆರಗು ಸಿಕ್ಕಿಸಿಕೊಂಡು ಬಂದು ಆ ತುಂಡನ್ನು ಎತ್ತಿಕೊಂಡರು.

"ಹೊಡಿಯೂದು ನೀವು ಹೊಡೀರಿ," ಅಂದರು. "ಒಳಗಿನ ಕಡಿ ನಾ ಇರ್ತೀನಿ."

ಆ ದಿನ ಹನ್ನೊಂದು ರಿವೆಟ್ ಹೊಡೆದರು. ಅದರಲ್ಲಿ ನಾಲ್ಕು ಸರಿಯಾಗಿ ಕೂತಿಲ್ಲವೆಂದು ಅನುಸೂಯಾ ಹೇಳಿದರು. ಡಾಕ್ಟರು ನಾಲ್ಕನ್ನೂ ಕೊರೆದು ತೆಗೆದರು.

ನೀತಿ: ನಮ್ಮನ್ನು ನಂಬಿದವರು ನಮ್ಮ ಕೆಲಸವನ್ನು ಪರೀಕ್ಷೆ ಮಾಡುವುದಿಲ್ಲ. ಆದ್ದರಿಂದ ಅವರ ಕಣ್ಣಿಗೆ ಬೀಳದ ತಪ್ಪನ್ನು ನಾವೇ ಬಾಯಿಬಿಟ್ಟು ಹೇಳಬೇಕು, ಅದೂ ಮುಚ್ಚುವ ಮೊದಲೇ ಹೇಳಬೇಕು.