ಹೂಂ ಎನ್ನದ ಬಾಟ್

ಶಿಷ್ಯನೊಬ್ಬ ಗುರುಗಳ ಬಾಗಿಲಲ್ಲಿ ನಿಂತು ಕೇಳಿದ: "ಗುರುಗಳೇ, ನೆರವು ಕೋರಿ ಬಂದವರಿಗೆ ಕೊಡಲು ನನ್ನಲ್ಲಿ ಇನ್ನೂ ಏನೂ ಸಿದ್ಧವಿಲ್ಲದಿದ್ದರೆ ನಾನು ಏನು ಮಾಡಬೇಕು?"

ಗುರುಗಳು ತಡಮಾಡದೆ ಅವನನ್ನು ಒಳಗೆ ಕರೆದು ಕೂರಿಸಿದರು. ಒಂದು ಕತೆಯಿದೆ, ಕೇಳು ಎಂದರು.

ರೇಷ್ಮೆ ಬೆಳೆಯುವ ಸೀಮೆಯಲ್ಲಿ ಒಬ್ಬ ಪ್ರೋಗ್ರಾಮರ್ ಇದ್ದಳು. ಸುತ್ತಲಿನ ಹಳ್ಳಿಗಳ ಹುಳು ಸಾಕಣೆಗಾರರು ಫೋನಿನ ಚಾಟ್ ಆ್ಯಪಿನಲ್ಲಿ ಗುಂಪು ಕಟ್ಟಿಕೊಂಡಿದ್ದರು. ಅವಳು ಆ ಗುಂಪುಗಳಿಗೆ ಒಂದು ಬಾಟ್ ಮಾಡಿಕೊಟ್ಟಳು. ಬಾಟ್ ಎಂದರೆ ಗುಂಪಿನಲ್ಲೇ ಇದ್ದುಕೊಂಡು, ಕೇಳಿದ್ದಕ್ಕೆ ತಾನಾಗಿ ಉತ್ತರಿಸುವ ಪ್ರೋಗ್ರಾಮ್. ಸ್ಲ್ಯಾಶ್ ಎಂಬ ಓರೆಗೆರೆ ಒತ್ತಿ, ಅದರ ಮುಂದೆ 'ಸೊಪ್ಪು' ಎಂದು ಬರೆದು ಕಳುಹಿಸಿದರೆ ಸಾಕು. ಯಾರ ತೋಟದಲ್ಲಿ ಹಿಪ್ಪುನೇರಳೆ ಸೊಪ್ಪು ಮಿಕ್ಕಿದೆ ಎಂಬುದನ್ನು ಬಾಟ್ ಪಟ್ಟಿಯಲ್ಲಿ ಹುಡುಕಿ ಹೇಳಬೇಕು. ಇಂಥ ಆದೇಶವನ್ನು ಮೊದಲು ಆ್ಯಪಿನಲ್ಲಿ ನೋಂದಾಯಿಸಬೇಕಾಗುತ್ತದೆ, ಆಗಲೇ ಅದು ಫೋನಿನಲ್ಲಿ ಕಾಣಿಸುವುದು. ಅವಳು ನೋಂದಾಯಿಸಿದಳು. ಹತ್ತು ತೋಟಗಳ ಹೆಸರು ಹಾಕಿ ಮನೆಯಲ್ಲಿ ಪರೀಕ್ಷಿಸಿದಳು. ಉತ್ತರ ತಕ್ಷಣ ಬಂತು.

ಬಳಕೆಗೆ ಬಿಟ್ಟ ಮೇಲೆ ಪಟ್ಟಿಯಲ್ಲಿ ಆರುನೂರು ತೋಟಗಳಾದವು. ಆಗ ದೂರುಗಳು ಆರಂಭವಾದವು. ಯಾರು ಕೇಳಿದರೂ 'ಬಾಟ್ ಪ್ರತಿಕ್ರಿಯಿಸಲಿಲ್ಲ' ಎಂಬ ಒಂದೇ ಸಾಲು ಬರುತ್ತಿತ್ತು. ದೋಷ ನೋಂದಣಿಯಲ್ಲಿದೆ ಎಂದು ಅವಳು ನಿಶ್ಚಯಿಸಿದಳು. ಆದೇಶವನ್ನು ಅಳಿಸಿ, ಒಂದೊಂದು ಗುಂಪಿಗೂ ಪ್ರತ್ಯೇಕವಾಗಿ ನೋಂದಾಯಿಸಿದಳು. ಅದು ಸಾಲದೆಂದು ಎಲ್ಲ ಗುಂಪುಗಳಿಗೂ ಸೇರಿಸಿ ಇನ್ನೊಮ್ಮೆ ನೋಂದಾಯಿಸಿದಳು. ಈಗ ಫೋನಿನಲ್ಲಿ 'ಸೊಪ್ಪು' ಎರಡು ಸಲ ಕಾಣಿಸತೊಡಗಿತು. ಯಾವುದನ್ನು ಒತ್ತಿದರೂ ಬಂದದ್ದು ಅದೇ ಸಾಲು. ಫೋನಿನಲ್ಲಿ ಎರಡು ಬೆಳೆ ಬಂತು, ಹುಳುವಿನ ತಟ್ಟೆಗೆ ಒಂದು ಎಲೆಯೂ ಬರಲಿಲ್ಲ ಎಂದು ಸಾಕಣೆಗಾರನೊಬ್ಬ ಬರೆದ. ಗುಂಪೆಲ್ಲ ನಕ್ಕಿತು. ಅವಳಿಗೆ ತನ್ನ ವಿದ್ಯೆಯ ಮೇಲೆ ಅಭಿಮಾನವಿತ್ತು. ಬಾಗಿಲು ಹಾಕಿಕೊಂಡು ಮತ್ತೆ ನೋಂದಾಯಿಸಲು ಕುಳಿತಳು.

ಆ ಹೊತ್ತಿಗೆ ಒಬ್ಬ ವೃದ್ಧೆ ಬಂದು ಬಾಗಿಲು ತಟ್ಟಿದಳು. ಅವಳ ಹುಳುಗಳು ನಾಲ್ಕನೆಯ ಜ್ವರ ಎದ್ದಿದ್ದವು. ಎಂದರೆ ಕೊನೆಯ ಪೊರೆ ಕಳಚಿ, ಗೂಡು ಕಟ್ಟುವ ಮುನ್ನ ಬಿಡುವಿಲ್ಲದೆ ಮೇಯುವ ದಿನಗಳು. ಮನೆಯಲ್ಲಿ ಮಧ್ಯಾಹ್ನಕ್ಕಾಗುವಷ್ಟು ಸೊಪ್ಪು ಮಾತ್ರ ಇತ್ತು. ಸಂಜೆಗೆ ಸೊಪ್ಪು ಬೀಳದಿದ್ದರೆ ಹುಳು ಸೊರಗಿ, ತಿಂಗಳ ದುಡಿಮೆ ಜೊಳ್ಳು ಗೂಡಾಗುತ್ತಿತ್ತು. ಬೆಳಗಿನಿಂದ ಮೊಮ್ಮಗಳ ಕೈಯಲ್ಲಿ ಬರೆಸಿ ಮೂರು ಸಲ ಬಾಟನ್ನು ಕೇಳಿದೆನೆಂದೂ, ಅದು ತನ್ನನ್ನು ಲಕ್ಷಿಸಲೇ ಇಲ್ಲವೆಂದೂ, ಹುಳುಗಳನ್ನು ತಿಪ್ಪೆಗೆ ಸುರಿಯುವ ಮೊದಲು ಒಮ್ಮೆ ಮನುಷ್ಯರ ಮುಖ ನೋಡಿ ಕೇಳೋಣವೆಂದು ಬಂದೆನೆಂದೂ ಹೇಳಿದಳು.

ಪ್ರೋಗ್ರಾಮರ್ ಆಗ ಮೊದಲ ಬಾರಿಗೆ ನೋಂದಣಿಯನ್ನು ಬಿಟ್ಟು, ಬಾಟ್ ಬರೆದಿಟ್ಟಿದ್ದ ದಾಖಲೆಯನ್ನು ತೆರೆದು ಓದಿದಳು. ವೃದ್ಧೆಯ ಕೋರಿಕೆ ಮೂರು ಸಲವೂ ಬಾಟಿಗೆ ತಲುಪಿತ್ತು. ಮೂರು ಸಲವೂ ಅದು ಆರುನೂರು ತೋಟಗಳನ್ನು ಹುಡುಕಿತ್ತು. ಕೆರೆಯಾಚೆಯ ಒಬ್ಬ ರೈತನ ಹೆಸರೂ ಸಿಕ್ಕಿತ್ತು. ಅವನ ಹುಳುಗಳು ಆಗಲೇ ಗೂಡು ಕಟ್ಟತೊಡಗಿದ್ದವು. ತೋಟದಲ್ಲಿ ಸೊಪ್ಪು ಮಿಕ್ಕಿತ್ತು. ಆದರೆ ಹುಡುಕಲು ಒಂಬತ್ತು ಸೆಕೆಂಡು ಹಿಡಿದಿತ್ತು. ಆ್ಯಪ್ ಕಾಯುವುದು ಮೂರೇ ಸೆಕೆಂಡು. ಅಷ್ಟರೊಳಗೆ ಬಾಟ್ ಏನನ್ನೂ ಹೇಳದಿದ್ದರೆ, ಆಮೇಲೆ ತಂದ ಉತ್ತರ ಯಾರಿಗೂ ತಲುಪುವುದಿಲ್ಲ.

ಅವಳು ರೈತನಿಗೆ ಫೋನ್ ಮಾಡಿದಳು. ಅವನು ಒಪ್ಪಿದ. ನಡೆದದ್ದನ್ನು ವೃದ್ಧೆಗೆ ತಿಳಿಸಿದಳು.

ವೃದ್ಧೆ ಕೇಳಿದಳು: "ನಾನು ಕೇಳಿದ್ದು ಅದಕ್ಕೆ ಕೇಳಿಸಿತ್ತೇನವ್ವ?"

"ಮೂರು ಸಲವೂ ಕೇಳಿಸಿತ್ತು ಅಜ್ಜಿ. ಹುಡುಕ್ತಾ ಇತ್ತು."

"ಹಂಗಾದ್ರೆ ಹೂಂ ಅನ್ನೋಕೆ ಏನಾಗಿತ್ತು ಅದಕ್ಕೆ? ಸೊಪ್ಪು ಆಮೇಲೆ ಕೊಡ್ಲಿ. ಹೂಂ ಅಂದಿದ್ರೆ ಕಾಯ್ತಿದ್ದೆ ಕಣವ್ವ."

ಮೂರು ಗಂಟೆಗೆ ಸೊಪ್ಪು ಗೂಡ್ಸ್ ಆಟೋದಲ್ಲಿ ಬಂತು. ಹುಳುಗಳು ಉಳಿದವು. ಐದಾರು ದಿನಗಳಲ್ಲಿ ಗಟ್ಟಿಯಾದ ಗೂಡು ಕಟ್ಟಿದವು.

ಪ್ರೋಗ್ರಾಮರ್ ಹೆಚ್ಚಿನ ನೋಂದಣಿಗಳನ್ನೆಲ್ಲ ಅಳಿಸಿ ಒಂದನ್ನೇ ಉಳಿಸಿದಳು. ಹುಡುಕುವ ಕೆಲಸಕ್ಕೆ ಮೊದಲು ಒಂದೇ ಒಂದು ಸಾಲು ಸೇರಿಸಿದಳು. ಅಂದಿನಿಂದ ಯಾರು ಕೇಳಿದರೂ ಬಾಟ್ ಆ ಕ್ಷಣವೇ 'ಹೂಂ, ಹುಡುಕುತ್ತಿದ್ದೇನೆ' ಎನ್ನತೊಡಗಿತು. ಹಾಗೆಂದ ಮೇಲೆ ಮೂರು ಸೆಕೆಂಡಿಗಿಂತ ಹೆಚ್ಚು ಕಾಯದ ಆ್ಯಪ್ ಹದಿನೈದು ನಿಮಿಷ ಕಾಯತೊಡಗಿತು. ಜನರೂ ಕಾದರು.

ಬೇಸಿಗೆಯಲ್ಲಿ ಎಲ್ಲಿಯೂ ಸೊಪ್ಪು ಮಿಗದ ದಿನಗಳು ಬಂದವು. ಬಾಟ್ ಹುಡುಕಿ, ಇಲ್ಲವೆಂದಿತು. ಆ ದಿನಗಳಲ್ಲಿಯೂ ಗುಂಪಿನವರು ಅದಕ್ಕೆ ಧನ್ಯವಾದ ಬರೆದರು. ಸಿಗದ ಸೊಪ್ಪಿಗೆ ಧನ್ಯವಾದವೇಕೆ ಎಂದು ಅವಳು ಕೇಳಿದಳು. ಹಿಂದೆ ಅವಳನ್ನು ಗೇಲಿ ಮಾಡಿದ್ದ ಸಾಕಣೆಗಾರನೇ ಉತ್ತರಿಸಿದ: ನಮಗಾಗಿ ಆರುನೂರು ತೋಟ ಸುತ್ತಿ ಬರುತ್ತದಲ್ಲಕ್ಕ, ನಮ್ಮ ನೆಂಟರೂ ಅಷ್ಟು ಸುತ್ತುವುದಿಲ್ಲ. ಅವಳು ಆ ಧನ್ಯವಾದಗಳನ್ನೆಲ್ಲ ಮನಸ್ಸಿನಲ್ಲಿಯೇ ವೃದ್ಧೆಗೆ ಸಲ್ಲಿಸಿದಳು. ತನಗೆ ವಿದ್ಯೆ ಕಲಿಸಿದವರನ್ನು ನೆನೆಯುವಾಗ ಆ ಅಕ್ಷರ ಬಾರದವಳ ಹೆಸರನ್ನೂ ಸೇರಿಸಿಕೊಂಡಳು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನ ಮುಖ ತಿಳಿಯಾಗಿತ್ತು. ಆದರೂ ಅವನಿಗೊಂದು ಸಂದೇಹ ಉಳಿದಿತ್ತು. ಉತ್ತರ ಇಷ್ಟು ಸರಳವಾಗಿದ್ದರೆ ಇಷ್ಟು ಉದ್ದದ ಕತೆ ಏಕೆ, ಬಂದ ಕೂಡಲೇ ಒಂದೇ ಮಾತಿನಲ್ಲಿ ಹೇಳಬಹುದಿತ್ತಲ್ಲವೇ ಎಂದು ಕೇಳಿದ.

ಗುರುಗಳು ಹೇಳಿದರು: "ನೀನು ಬಂದಾಗ ಉತ್ತರ ನನಗೂ ತಿಳಿದಿರಲಿಲ್ಲ, ಕತೆಯಿದೆ ಕೇಳು ಎಂದೆ, ಕುಳಿತು ಕಾದೆಯಲ್ಲ, ಆ ಉಪಕಾರದಿಂದ ಸಿಕ್ಕಿತು."