ತಾಮ್ರದ ನಕ್ಷೆಯ ಆನೆ

ಒಬ್ಬ ದೊರೆಗೆ ತನ್ನ ಸೀಮೆಯನ್ನೆಲ್ಲ ಕುಳಿತಲ್ಲೇ ನೋಡುವ ಆಸೆಯಾಯಿತು. ತಾಮ್ರದ ತಗಡಿನ ಮೇಲೆ ನಕ್ಷೆ ಕೆತ್ತಲು ಮೌನೇಶಾಚಾರಿ ಎಂಬವನನ್ನು ಕರೆಸಿದ.

ಆಚಾರಿ ಊರೂರು ನಡೆದ. ಹಳ್ಳ, ಗುಡ್ಡ, ಬಾವಿ, ಗುಡಿ, ಗೌಡರ ಮಾವಿನ ತೋಪು, ಎಲ್ಲವನ್ನೂ ಕಣ್ಣಾರೆ ಕಂಡು ಬಟ್ಟೆಯ ಮೇಲೆ ಬರೆದುಕೊಂಡ. ಒಂದು ಕಡೆ ಮಾತ್ರ ಹೋಗಲಿಲ್ಲ. ಹಳ್ಳದ ತಗ್ಗಿನಲ್ಲಿ ಒಂದು ಕೇರಿಯಿತ್ತು. ಬಾವಿಯಿಂದ ನೀರೆತ್ತುವ ಚರ್ಮದ ಚೀಲ ಹೊಲಿಯುವವರ ಕೇರಿ. ಅವರು ಹೊಲಿದ ಚೀಲದ ನೀರು ಊರಿಗೆಲ್ಲ ಬೇಕು, ಅವರ ನೆರಳು ಯಾರಿಗೂ ಬೇಡ. ಮೈಲಿಗೆಯಾದೀತೆಂದು ಆಚಾರಿ ದೂರದಿಂದಲೇ ಹೊರಳಿ ಬಂದ.

ತಗಡಿನಲ್ಲಿ ಆ ಜಾಗ ಖಾಲಿ ಉಳಿಯಿತು. ಖಾಲಿ ಬಿಟ್ಟರೆ ದೊರೆ ಕೆಲಸ ಅರ್ಧವಾಗಿದೆ ಎಂದಾನು. ಅಲ್ಲೊಂದು ಆನೆ ಕೆತ್ತಿದ. ಸೊಂಡಿಲೆತ್ತಿದ ಚಂದದ ಆನೆ.

ಸುದ್ದಿ ಕೇರಿಗೆ ಮುಟ್ಟಿತು. ಅಲ್ಲಿನ ಹಿರಿಯಳು ಹುಲಿಗೆವ್ವ ಆಚಾರಿಯ ಅಂಗಳಕ್ಕೆ ಬಂದಳು.

"ಆಚಾರ್ರೇ, ತಗಡಿನ್ಯಾಗ ನಮ್ಮ ಕೇರಿ ಐತೇನ್ರಿ?"

"ಅಲ್ಲೇ ನಿಂತು ಮಾತಾಡವ್ವಾ. ಅಲ್ಲಿ ಆನಿ ಐತಿ."

"ಆನಿನ? ನಮ್ಮಲ್ಲಿ ಎಮ್ಮಿಗೇ ಮೇವಿಲ್ಲ. ಆನಿ ಎಲ್ಲಿಂದ ಬಂತ್ರಿ?"

ಆಚಾರಿ ನಕ್ಕ. "ಚಂದಕ್ಕ ಕೆತ್ತೀನಿ. ನಕ್ಷಾದಾಗ ಇಲ್ಲಂದ್ರ ನಿಮ್ಮ ಗುಡಿಸಲು ಹಾರಿ ಹೋಗ್ತಾವೇನು?"

"ನಾಳೆ ಯಾರರ ಬಂದು ಇಲ್ಲಿ ಯಾರೂ ಇಲ್ಲ ಅಂದ್ರ ನಾವು ಏನ್ ತೋರಸೂನ್ರಿ? ಅದನ್ನ ಅಳಿಸ್ರಿ, ಯಪ್ಪಾ."

"ತಾಮ್ರದ ಮ್ಯಾಲ ಕೆತ್ತಿದ್ದು ಅಳಿಸಾಕ ಬರೂದಿಲ್ಲ."

ಸುಳ್ಳು. ಹಸಿ ಸುಳ್ಳು. ತಗಡನ್ನು ಹಿಂದಿನಿಂದ ಬಡಿದು ಮುಂದೆ ಉಜ್ಜಿದರೆ ಗೆರೆ ಹೋಗುತ್ತದೆ. ತೋಪು ಸಣ್ಣದಾಯಿತೆಂದು ಗೌಡರು ಸಿಟ್ಟಾದಾಗ ಆಚಾರಿ ಹಾಗೇ ಬಡಿದು ತಿದ್ದಿಕೊಟ್ಟಿದ್ದ. ಮಾವಿನ ಮರಕ್ಕಾಗಿ ಎದ್ದ ಸುತ್ತಿಗೆ ಮನುಷ್ಯರಿಗಾಗಿ ಏಳಲಿಲ್ಲ.

ನಕ್ಷೆ ದೊರೆಯ ಸಭೆಯ ಗೋಡೆಗೇರಿತು. ಮುಂದೊಂದು ದಿನ ಹಳ್ಳಕ್ಕೆ ಒಡ್ಡು ಕಟ್ಟಿ ಕೆರೆ ಮಾಡುವ ಮಾತು ಬಂತು. ಯಾರ ಮನೆಯೂ ಮುಳುಗದ ಜಾಗ ಯಾವುದೆಂದು ದೊರೆ ಕೇಳಿದ. ದಿವಾನ ಎದ್ದು ಆನೆಯ ಮೇಲೆ ಬೆರಳಿಟ್ಟ.

"ಇಲ್ಲಿ ಬರೇ ಆನಿ ಐತ್ರಿ, ಮಹಾರಾಜ್ರ. ಜಳಕಾ ಮಾಡ್ಕೊಳ್ಳಿ ಬಿಡ್ರಿ."

ಸಭೆ ನಕ್ಕಿತು. ಆಚಾರಿಯೂ ಅಲ್ಲೇ ಇದ್ದ. ಅವನೂ ನಕ್ಕ.

ಒಡ್ಡು ಎದ್ದಿತು. ಕೇರಿಯವರೇ ಮಣ್ಣು ಹೊತ್ತರು. ನೀರು ಎಲ್ಲಿಯವರೆಗೆ ನಿಲ್ಲುತ್ತದೆಂದು ಅವರಿಗೆ ಯಾರೂ ಹೇಳಲಿಲ್ಲ. ತೂಬು ಮುಚ್ಚುವ ಮುಂಚೆ, ನಕ್ಷೆಯಲ್ಲಿದ್ದ ಊರಿಗೆಲ್ಲ ಡಂಗುರ ಹೋಯಿತು. ಆನೆಗೆ ಡಂಗುರ ಯಾರು ಸಾರುತ್ತಾರೆ?

ಮೊದಲ ದೊಡ್ಡ ಮಳೆಗೆ, ಹಾಡಹಗಲೇ, ನೀರು ಕೇರಿಗೆ ನುಗ್ಗಿತು. ಆಚಾರಿ ಓಡಿ ಹೋಗಿ ನೋಡಿದ. ಗುಡಿಸಲುಗಳ ನೆತ್ತಿ ಮಾತ್ರ ಕಾಣುತ್ತಿತ್ತು. ಹೊಲಿದಿಟ್ಟ ಚರ್ಮದ ಚೀಲಗಳು ಉಬ್ಬಿ ತೇಲುತ್ತಿದ್ದವು. ತೇಲುತ್ತಿದ್ದವೆಲ್ಲ ಚೀಲಗಳಲ್ಲ ಎಂದು ತಿಳಿಯಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು.

ಗುಡ್ಡದ ಮೇಲೆ ಹುಲಿಗೆವ್ವ ಕೂತಿದ್ದಳು. ಮಡಿಲಲ್ಲಿ ಮೊಮ್ಮಗಳು. ಕೂಸಿಗೆ ಉಸಿರಿರಲಿಲ್ಲ. ಆಚಾರಿ ಹತ್ತಿರ ಹೋದ. ಆಗ ಅವನಿಗೆ ಮೈಲಿಗೆ ನೆನಪಾಗಲಿಲ್ಲ.

"ಅಲ್ಲೇ ನಿಲ್ಲೋ," ಎಂದಳು ಅವಳು. "ನಿನ್ನ ಆನಿ ತುಳಿದ ಕೂಸು ಇದು. ಮುಟ್ಟಬ್ಯಾಡ."

ಆಚಾರಿ ಅರಮನೆಗೆ ಓಡಿ ಬಂದ. "ಆನಿ ಅಳಿಸಿ ಅಲ್ಲಿ ಕೇರಿ ಕೆತ್ತತೀನ್ರಿ," ಎಂದ.

ದಿವಾನ ಅವನನ್ನೇ ದಿಟ್ಟಿಸಿದ. "ಹುಚ್ಚು ಹಿಡದೈತೇನೋ ಆಚಾರಿ? ಈಗ ಅಲ್ಲಿ ಕೇರಿ ಎಲ್ಲೈತಿ? ಕೆತ್ತಿದ್ರ ನಕ್ಷಾ ಸುಳ್ಳಾಗ್ತದ. ಆನಿ ಕಾಲಾಗ ನಾಕು ಅಲಿ ಕೆತ್ತು, ಸಾಕು."

ಆಚಾರಿ ಉಳಿ ಹಿಡಿದ. ಕೇರಿಯನ್ನಲ್ಲ, ಅಲೆಗಳನ್ನು ಕೆತ್ತಿದ.

ಆ ತಗಡನ್ನು ಇಂದು ಗಾಜಿನ ಪೆಟ್ಟಿಗೆಯೊಳಗೆ ಜೋಪಾನವಾಗಿ ಇಟ್ಟಿದ್ದಾರೆ. ಜನ ಸಾಲುಗಟ್ಟಿ ನೋಡುತ್ತಾರೆ. ಆನೆ ಎಷ್ಟು ಚಂದ ಎನ್ನುತ್ತಾರೆ. ಅಲೆಗಳು ಮಾತ್ರ ಸೊಟ್ಟ, ಪಾಪ, ಕೆತ್ತುವವನ ಕೈ ನಡುಗಿರಬೇಕು ಎನ್ನುತ್ತಾರೆ. ನಡುಗಿತು, ನಿಜ. ನಿಲ್ಲಲಿಲ್ಲವಲ್ಲ!

ನೀತಿ: ನೀವು ಕಾಲಿಡದ ಜಾಗ ಖಾಲಿ ಜಾಗವಲ್ಲ. ಅಲ್ಲಿ ಜನರಿದ್ದಾರೆ. ಅವರನ್ನು ಬಿಟ್ಟು ಬರೆದವನು ಕೊಲ್ಲುವವನಿಗೆ ದಾರಿ ತೋರಿಸಿದವನು. ಆಮೇಲೆ ಎಷ್ಟು ಮರುಗಿದರೂ ಸತ್ತವರು ಏಳುವುದಿಲ್ಲ. ಮಕ್ಕಳೇ, ಯಾರಾದರೂ ಚಂದದ ನಕ್ಷೆ ಹಿಡಿದು ಬಂದರೆ ಬಾಯಿಬಿಟ್ಟು ನೋಡುತ್ತ ನಿಲ್ಲಬೇಡಿ. ಇದರಲ್ಲಿ ಯಾರನ್ನು ಬಿಟ್ಟಿದ್ದೀರಿ ಎಂದು ಕೇಳಿ. ನೀರು ಬರುವ ಮುಂಚೆಯೇ ಕೇಳಿ.