ಹೂಗಾರರ ಮನೆಯ ಹಿರಿಸೊಸೆ

ಜೀವಶಾಸ್ತ್ರ ಕಲಿಸುತ್ತಿದ್ದ ಗುರುಗಳನ್ನು ಶಿಷ್ಯನೊಬ್ಬ ಕೇಳಿದ: “ಗುರುಗಳೇ, ಪ್ರೋಟೀನು ಕಟ್ಟುವ ಕಿಣ್ವ ಚೆನ್ನಾಗಿ ಕೆಲಸ ಮಾಡುತ್ತಿರುವಾಗಲೇ ಜೀವಕೋಶ ಅದಕ್ಕೆ ಫಾಸ್ಫೇಟಿನ ತುಣುಕೊಂದನ್ನು ಅಂಟಿಸಿ ನಿಲ್ಲಿಸಿಬಿಡುತ್ತದೆ. ತಪ್ಪೇ ಮಾಡದ ಕಿಣ್ವಕ್ಕೆ ಇದು ಶಿಕ್ಷೆಯಲ್ಲವೇ?”

ಗುರುಗಳು ಹೇಳಿದರು:

ಒಂದು ಊರಿನ ಹೂಗಾರರ ಮನೆಯಲ್ಲಿ ಇಬ್ಬರು ಸೊಸೆಯರಿದ್ದರು. ಹಿರಿಯಳ ಕೈ ಬಲು ಚುರುಕು. ಅವಳು ಬುಟ್ಟಿ ಬರಿದು ಮಾಡುವಷ್ಟರಲ್ಲಿ ಕಿರಿಯಳು ಎರಡು ಮೊಳ ಕಟ್ಟಿದರೆ ಹೆಚ್ಚು.

ಒಮ್ಮೆ ಆಲಿಕಲ್ಲು ಬಿದ್ದು ಮಲ್ಲಿಗೆಯ ತೋಟವೆಲ್ಲ ನೆಲಕಚ್ಚಿತು. ಸಿಕ್ಕಿದ್ದು ಒಂದೇ ಬುಟ್ಟಿ ಹೂವು. ಅಂದೇ ಒಂದು ಮದುವೆಗೆ ಹಾರ ಕೊಡಬೇಕಿತ್ತು. ಅತ್ತೆ ಹಿರಿಯಳ ಬೆರಳಿಗೆ ಬಾಳೆನಾರು ಸುತ್ತಿದಳು. “ಇವತ್ತು ಈ ಕೈ ಸುಮ್ಮನಿರಲಿ. ಹೂವು ಬಂದ ದಿನ ನಾನೇ ಬಿಚ್ಚುತ್ತೇನೆ” ಎಂದಳು. ಹಾರ ಕಟ್ಟಲು ಕಿರಿಯಳನ್ನು ಕೂರಿಸಿದಳು.

“ನನ್ನ ಕೈಯಲ್ಲಿ ಏನು ಕೊರತೆ ಕಂಡಿರಿ, ಅತ್ತೆ?”

“ಕೊರತೆ ಹೂವಿನದಮ್ಮ. ನಿನ್ನ ವೇಗಕ್ಕೆ ಈ ಒಂದು ಬುಟ್ಟಿ ಸಾಲದು.”

ಹಿರಿಯಳು ನಂಬಲಿಲ್ಲ. ಓರಗಿತ್ತಿ ಒಂದೊಂದೇ ಮೊಗ್ಗನ್ನು ನೋಡಿ ನೋಡಿ ಇಡುತ್ತಿದ್ದಳು. ಅತ್ತೆ ಅವಳಿಗೆ ತಾನೇ ನೀರು ತಂದುಕೊಟ್ಟಳು. ಇಷ್ಟು ವರ್ಷ ದುಡಿದ ತನಗೆ ಆಕೆ ಒಮ್ಮೆಯೂ ನೀರು ತಂದುಕೊಟ್ಟಿರಲಿಲ್ಲ. ಹಿರಿಯಳ ಹೊಟ್ಟೆಯಲ್ಲಿ ಬೆಂಕಿ ಬಿತ್ತು.

ಅತ್ತೆ ಇನ್ನಷ್ಟು ಹೂವು ಹುಡುಕಲು ಹೊರಟಳು. ಕಿರಿಯಳು ಮಗುವಿಗೆ ಹಾಲೂಡಿಸಲು ಒಳಗೆ ಹೋದಳು. ಹಿರಿಯಳು ನಾರನ್ನು ಹಲ್ಲಿನಿಂದ ಕಡಿದು ಬುಟ್ಟಿಯನ್ನು ಎಳೆದುಕೊಂಡಳು. ದಿನವೂ ಕಟ್ಟುತ್ತಿದ್ದ ಮುಡಿಯುವ ಮಾಲೆಗಳನ್ನೇ ಕೈ ತಾನಾಗಿ ಕಟ್ಟುತ್ತ ಹೋಯಿತು. ಬುಟ್ಟಿ ಮುಗಿಯಿತು. ಆಗಲೂ ಅವಳಿಗೆ ಸಮಾಧಾನವಾಗಲಿಲ್ಲ. ಓರಗಿತ್ತಿಯ ಅರ್ಧ ಹಾರವನ್ನೂ ಬಿಚ್ಚಿ ಆ ಹೂವನ್ನೂ ಕಟ್ಟಿದಳು.

ಮದುಮಗಳ ತಂದೆ ಬಂದ. ಹಿರಿಯಳು ಮಾಲೆಗಳ ರಾಶಿಯನ್ನು ಹೆಮ್ಮೆಯಿಂದ ಮುಂದೆ ಸರಿಸಿದಳು.

“ಇದು ಮುಡಿಯುವ ಹೂವಲ್ಲವೇ, ತಾಯಿ? ಹಾರ ಎಲ್ಲಿ?”

ಕಿರಿಯಳು ಒಳಗಿನಿಂದ ಬಂದು ಪಕ್ಕದಲ್ಲಿ ಕೂತು ಮಾಲೆಗಳನ್ನು ಬಿಚ್ಚತೊಡಗಿದಳು. ಬಿಗಿಯಾಗಿ ಗಂಟು ಬಿದ್ದ ಹೂವು ಎಸಳೆಸಳಾಗಿ ಉದುರಿತು. ಮುಹೂರ್ತ ಹತ್ತಿರವಾಗಿತ್ತು. ಆತ ಬರಿಗೈಯಲ್ಲಿ ಹಿಂತಿರುಗಿದ.

ಎಲ್ಲೂ ಹೂವು ಸಿಗದೆ ಅತ್ತೆ ಬಂದಾಗ ಹಿರಿಯಳು ತಾನಾಗಿಯೇ ಬೆರಳು ಚಾಚಿದಳು. ನಾರು ಸುತ್ತಲು ಅತ್ತೆಗೆ ಕೈ ಏಳಲಿಲ್ಲ. ಮನೆಯಲ್ಲಿ ಉಳಿಸಿಕೊಳ್ಳಬೇಕಾದ ಹೂವೇ ಇರಲಿಲ್ಲ.

ಕತೆ ಮುಗಿಯಿತು. ಶಿಷ್ಯ ನಕ್ಕ. “ಪುಣ್ಯಕ್ಕೆ ಕಿಣ್ವಗಳಿಗೆ ಹೊಟ್ಟೆಕಿಚ್ಚಿಲ್ಲ, ಗುರುಗಳೇ. ಸಾಮಗ್ರಿ ಸಾಲದಾಗ ನಿಲ್ಲು ಎಂದರೆ ನಿಲ್ಲುತ್ತವೆ.”

ಗುರುಗಳು ಹೇಳಿದರು: “ನಿಲ್ಲು ಎಂದರೂ ನಿಲ್ಲದವು ಇವೆಯಪ್ಪ, ಅವು ಹೆಚ್ಚಿದ ಮೈಗೆ ಕ್ಯಾನ್ಸರ್ ಹಿಡಿಯುತ್ತದೆ.”